ಸೆಲ್ಲು ಇಳಿದರೂ ವೋಲ್ಟು ಇಳಿಯಬಾರದು

ಹವ್ಯಾಸಕ್ಕೆ ಅಂತ ಎಲೆಕ್ಟ್ರಾನಿಕ್ಸ್ ಶುರು ಮಾಡಿದವರು ಇವತ್ತಲ್ಲ ನಾಳೆ ಒಂದು ಡಬ್ಬಿ ಕಟ್ಟಿಕೊಳ್ಳಲೇಬೇಕು. ಒಳಗೊಂದು ಬ್ಯಾಟರಿ, ಹೊರಗೆ ಎರಡು ಜೊತೆ ತಂತಿ. ಒಂದು ಜೊತೆಯಲ್ಲಿ 5 ವೋಲ್ಟ್, ಇನ್ನೊಂದರಲ್ಲಿ 3.3 ವೋಲ್ಟ್. ಬ್ಯಾಟರಿ ತುಂಬಿರಲಿ, ಮುಕ್ಕಾಲು ಖಾಲಿಯಾಗಿರಲಿ, ಈ ಎರಡು ಸಂಖ್ಯೆ ಮಾತ್ರ ಅಲುಗಾಡಬಾರದು. ಆರ್ಡುಯಿನೊ ಊನೊ ಬೋರ್ಡು 5 ವೋಲ್ಟಿನದ್ದು, ಇಎಸ್‌ಪಿ 32 ಚಿಪ್ಪು 3.3 ವೋಲ್ಟಿನದ್ದು. ಮೊದಲನೆಯದಕ್ಕೆ ಕಮ್ಮಿ ಕೊಟ್ಟರೆ ಅದರ ಬುದ್ಧಿ ನೆಟ್ಟಗಿರಲ್ಲ, ಎರಡನೆಯದಕ್ಕೆ ಜಾಸ್ತಿ ಕೊಟ್ಟರೆ ಅದು ಇರೋದೇ ಇಲ್ಲ.

ನಾವು ಐಟಿ ಮಂದಿ ಇದನ್ನ ವೀಕೆಂಡ್ ಪ್ರಾಜೆಕ್ಟ್ ಅಂತೀವಿ. ಪಾರ್ಟುಗಳನ್ನ ಆನ್‌ಲೈನಲ್ಲಿ ತರಿಸಿಕೊಂಡರೆ ಒಂದು ಭಾನುವಾರ ಸಾಕು. ಆದರೆ ಬ್ಯಾಟರಿಯಿಂದ ಎರಡು ಬೇರೆ ಬೇರೆ ವೋಲ್ಟೇಜು ತೆಗೆಯೋದು, ತೆಗೆದದ್ದನ್ನ ಇಳಿಯದ ಹಾಗೆ ಹಿಡಿದಿಡೋದು ಸುಮಾರು ನೂರು ವರ್ಷ ಹಳೆಯ ಕಷ್ಟ. ಅದನ್ನ ದಿನಾ ಅನುಭವಿಸಿದವರು ಕರೆಂಟ್ ಕಂಬ ಇಲ್ಲದ ಊರಲ್ಲಿ ಕೂತು ರೇಡಿಯೊ ಕೇಳಬೇಕು ಅಂದುಕೊಂಡವರು. ಮೈಸೂರಿನ ಓದುಗರಿಗೆ ಈ ಕಥೆ ಹೇಳೋದು ಸುಲಭ. ಅದರ ಎರಡು ಮುಖ್ಯ ಜಾಗಗಳೂ ನಮಗೆ ಹತ್ತಿರದಲ್ಲೇ ಇವೆ.

ಒಂದು, ಶಿವನಸಮುದ್ರ. 1902ರಲ್ಲಿ ಅಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಯೋಜನೆಗೆ ಕೈಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನ ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೂ ಬಂತು. ನಮ್ಮೂರು ಮಳವಳ್ಳಿ ಕಡೆಯದು. ಶಿವನಸಮುದ್ರದ ಪವರ್ ಹೌಸ್ ಇರೋದು ಅದೇ ತಾಲ್ಲೂಕಲ್ಲಿ. ಆದರೂ ನಮ್ಮೂರಿಗೆ ಕಂಬ ಬಂದಿದ್ದು ನಮ್ಮಪ್ಪ ಸ್ಲೇಟು ಹಿಡಿದು ಶಾಲೆಗೆ ಹೋಗುವ ಕಾಲಕ್ಕೆ. ಅಂದರೆ ಕರೆಂಟು ಹುಟ್ಟಿದ ಜಾಗದ ಪಕ್ಕದಲ್ಲೇ ಇದ್ದು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡಿದ್ದರು. ತಂತಿ ತಲೆಯ ಮೇಲೆ ಹಾದುಹೋಗೋದು ಬೇರೆ, ಮನೆಯೊಳಗೆ ಇಳಿಯೋದು ಬೇರೆ.

ಇನ್ನೊಂದು ಜಾಗ ಸರಸ್ವತಿಪುರಂನಿಂದ ಕೆಲವೇ ಕಿಲೋಮೀಟರ್ ಆಚೆ, ಒಂಟಿಕೊಪ್ಪಲು-ಯಾದವಗಿರಿ ಕಡೆ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಪ್ರಸಾರ ಶುರುಮಾಡಿದರು. 30 ವಾಟ್ ಅಂದರೆ ಎಷ್ಟು ಅಂತ ನೋಡಬೇಕಾ? ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಅದಕ್ಕಿಂತ ದೊಡ್ಡದಿರುತ್ತೆ. ಆ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಅನ್ನೋ ಹೆಸರನ್ನೇ ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೊ ತನ್ನದಾಗಿಸಿಕೊಂಡಿತು. 1942ರಲ್ಲಿ ಮೈಸೂರು ಸರ್ಕಾರ ನಿಲಯವನ್ನ ವಹಿಸಿಕೊಂಡಿತು. ಇದನ್ನೆಲ್ಲ ನಾವು ಮೈಸೂರಿನವರು ಹೆಮ್ಮೆಯಿಂದ ಹೇಳಿಕೊಳ್ತೀವಿ, ಹೇಳಿಕೊಳ್ಳಬೇಕಾದ್ದೇ. ಆದರೆ ಎಂಜಿನಿಯರ್ ತಲೆಗೆ ಬೇರೆ ಒಂದು ಪ್ರಶ್ನೆ ಬರುತ್ತೆ. ಪ್ರಸಾರ ಮಾಡೋರಿಗೆ ಕರೆಂಟಿತ್ತು ಸರಿ, ಕೇಳೋರಿಗೆ?

ಆ ಕಾಲದ ರೇಡಿಯೊ ಅಂದರೆ ವಾಲ್ವ್ ರೇಡಿಯೊ. ವಾಲ್ವ್ ಅನ್ನೋದು ಬಲ್ಬಿನ ಅಣ್ಣತಮ್ಮ. ಒಳಗೊಂದು ಎಳೆ ಕಾದು ಕೆಂಪಾಗಬೇಕು, ಅದರಿಂದ ಎಲೆಕ್ಟ್ರಾನುಗಳು ಹೊರಬರಬೇಕು, ಅವನ್ನ ಎಳೆದುಕೊಳ್ಳೋಕೆ ಎದುರಿಗಿರುವ ತಗಡಿಗೆ ದೊಡ್ಡ ವೋಲ್ಟೇಜು ಕೊಡಬೇಕು. ಎಳೆ ಕಾಯಿಸೋಕೆ ವೋಲ್ಟ್ ಕಮ್ಮಿ ಸಾಕು, ಕರೆಂಟು ಜಾಸ್ತಿ ಬೇಕು. ತಗಡಿಗೆ ತದ್ವಿರುದ್ಧ: ವೋಲ್ಟ್ ಜಾಸ್ತಿ, ಕರೆಂಟು ತೀರಾ ಕಮ್ಮಿ. ಸಿಟಿಯ ಮನೆಯಲ್ಲಾದರೆ ಗೋಡೆಗೆ ಪ್ಲಗ್ ಹಾಕಿದರೆ ಆಯ್ತು, ರೇಡಿಯೊ ಒಳಗಿನ ಟ್ರಾನ್ಸ್‌ಫಾರ್ಮರ್ ಎರಡನ್ನೂ ಮಾಡಿಕೊಡುತ್ತಿತ್ತು. ಕಂಬ ಇಲ್ಲದ ಕಡೆ ಎರಡು ಬೇರೆ ಬೇರೆ ಬ್ಯಾಟರಿ ಇಡಬೇಕಿತ್ತು. ಎಳೆ ಕಾಯಿಸೋದಕ್ಕೆ 'ಎ' ಬ್ಯಾಟರಿ, ಸಾಮಾನ್ಯವಾಗಿ ಒಂದೂವರೆ ವೋಲ್ಟಿನದು. ತಗಡಿಗೆ 'ಬಿ' ಬ್ಯಾಟರಿ, 90 ವೋಲ್ಟಿನದು. ಆ 90 ಎಲ್ಲಿಂದ ಬರುತ್ತಿತ್ತು ಗೊತ್ತಾ? ಒಂದೂವರೆ ವೋಲ್ಟಿನ ಅರವತ್ತು ಸಣ್ಣ ಸೆಲ್ಲುಗಳನ್ನ ಒಂದರ ಬೆನ್ನಿಗೆ ಒಂದು ಜೋಡಿಸಿ ಡಬ್ಬಿಯಲ್ಲಿ ತುಂಬುತ್ತಿದ್ದರು. ಅರವತ್ತು ಗುಣಿಸು ಒಂದೂವರೆ, ತೊಂಬತ್ತು. ಅಷ್ಟೇ ಲೆಕ್ಕ.

ಹಾಗಾಗಿ ಬ್ಯಾಟರಿಯಿಂದ ನಡೆಯುವ ಡ್ಯುಯಲ್ ವೋಲ್ಟೇಜ್ ಸಪ್ಲೈ ಅನ್ನೋದು ಮೊದಲು ಮನೆ ಹೊಕ್ಕಿದ್ದು ರೇಡಿಯೊ ಪೆಟ್ಟಿಗೆಯ ಹಿಂಬದಿಯಲ್ಲಿ. ಅದಕ್ಕೆ ಇಲ್ಲದೇ ಇದ್ದದ್ದು ಒಂದೇ: ರೆಗ್ಯುಲೇಶನ್. ವೋಲ್ಟು ಒಂದೇ ಸಮನೆ ನಿಲ್ಲುವ ಗುಣ.

ಯಾಕೆ ನಿಲ್ಲುತ್ತಿರಲಿಲ್ಲ ಅಂತ ತಿಳಿಯೋಕೆ ಸೆಲ್ಲಿನ ಒಳಗೆ ಇಣುಕಬೇಕು. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ತೀರಿಹೋದ ಮರುವರ್ಷ, 1800ರಲ್ಲಿ, ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಪದರ ಇಟ್ಟು ಮೊದಲ ಬ್ಯಾಟರಿ ಮಾಡಿದ್ದನ್ನ ಲಂಡನ್ನಿಗೆ ಕಾಗದ ಬರೆದು ತಿಳಿಸಿದ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಸತು, ಮ್ಯಾಂಗನೀಸ್ ಡೈಆಕ್ಸೈಡು ಮತ್ತು ನವಸಾಗರದ ದ್ರಾವಣ ಸೇರಿಸಿ ಹೊಸ ಸೆಲ್ ಮಾಡಿದ. ನವಸಾಗರ ಅಂದರೆ ನಮ್ಮೂರಿಗೆ ಬರುತ್ತಿದ್ದ ಕಲಾಯಿಯವರು ಕಾದ ಹಿತ್ತಾಳೆ ಪಾತ್ರೆಗೆ ಉಜ್ಜಿ ಬಿಳಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದೇ ಪುಡಿ. 1880ರ ದಶಕದಲ್ಲಿ ಜರ್ಮನಿಯ ಗಾಸ್ನರ್ ಆ ದ್ರಾವಣವನ್ನ ಚೆಲ್ಲದ ಹಾಗೆ ಗಟ್ಟಿ ಮಾಡಿ, ಸತುವಿನ ಡಬ್ಬಿಯನ್ನೇ ಪಾತ್ರೆ ಮಾಡಿ ಡ್ರೈ ಸೆಲ್ ತಂದ. ನಮ್ಮ ಟಾರ್ಚಿನ ಸೆಲ್ಲು ಇವತ್ತಿಗೂ ಬಹುಮಟ್ಟಿಗೆ ಅದೇ ವಂಶ.

ಈ ಸೆಲ್ಲಿಗೆ ಒಂದು ಹುಟ್ಟುಗುಣ. ಹೊಸದರಲ್ಲಿ ಒಂದೂವರೆ ವೋಲ್ಟ್. ಬಳಸುತ್ತಾ ಹೋದಂತೆ 1.3, 1.2, 1.1 ಅಂತ ಇಳಿಯುತ್ತಲೇ ಇರುತ್ತೆ. ಒಂದು ವೋಲ್ಟಿನ ಹತ್ತಿರ ಬಂದಾಗ 'ಸೆಲ್ ವೀಕಾಯ್ತು' ಅಂತೀವಿ. ಅರವತ್ತು ಸೆಲ್ಲಿನ ಡಬ್ಬಿಯಲ್ಲಿ ಇದೇ ಇಳಿತ ಅರವತ್ತರಷ್ಟಾಗಿ ಕಾಣುತ್ತೆ: ತೊಂಬತ್ತು ಇದ್ದದ್ದು ಅರವತ್ತಕ್ಕೆ ಬಂದು ನಿಲ್ಲುತ್ತೆ. ಮಧ್ಯೆ ಒಂದೇ ಒಂದು ಸೆಲ್ ಒಣಗಿದರೂ ಇಡೀ ಸಾಲಿಗೆ ಕಷ್ಟ. ರೇಡಿಯೊದ ದನಿ ದಿನದಿಂದ ದಿನಕ್ಕೆ ಕ್ಷೀಣವಾಗೋದನ್ನ ಕೇಳಿಕೊಂಡೇ ಬ್ಯಾಟರಿಯ ಆಯುಸ್ಸು ಅಂದಾಜು ಮಾಡುತ್ತಿದ್ದರು. ಆಗ ರೆಗ್ಯುಲೇಟರ್ ಕೆಲಸ ಮನುಷ್ಯನದ್ದು. ಯಾವ ಕಾರ್ಯಕ್ರಮ ಕೇಳಬೇಕು, ಯಾವುದನ್ನ ಬಿಡಬೇಕು, ವಾರ್ತೆ ಮುಗಿದ ತಕ್ಷಣ ಯಾರು ಎದ್ದು ಆಫ್ ಮಾಡಬೇಕು ಅನ್ನೋದನ್ನ ಮನೆಯ ಯಜಮಾನ ತೀರ್ಮಾನಿಸುತ್ತಿದ್ದ. ಸೆಲ್ಲು ಹಾಕಿಸುವ ದುಡ್ಡು ಯಾರದ್ದೋ ಸ್ಟೇಷನ್ನೂ ಅವರದ್ದೇ. ಹೆಂಗಸರ, ಮಕ್ಕಳ ಕಾರ್ಯಕ್ರಮ ಬರುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಪೆಟ್ಟಿಗೆಯ ಬಾಯಿ ಮುಚ್ಚಿರುತ್ತಿತ್ತೋ!

ಇದಕ್ಕೊಂದು ದಾರಿ ಹುಡುಕಿದ್ದರು, ಹೆಸರು ವೈಬ್ರೇಟರ್. ಕಾರಿನಲ್ಲಿರುವಂಥ 6 ವೋಲ್ಟಿನ ಆಸಿಡ್ ಬ್ಯಾಟರಿ ಒಂದೇ ಸಾಕು. ಒಳಗೆ ತೆಳ್ಳಗಿನ ಉಕ್ಕಿನ ಪಟ್ಟಿಯೊಂದು ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಗುಂಯ್ ಅಂತ ಅಲುಗುತ್ತಾ ಕರೆಂಟನ್ನ ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು, ಅದು ದೊಡ್ಡ ವೋಲ್ಟೇಜು ಮಾಡಿಕೊಡುತ್ತಿತ್ತು. ನಮ್ಮ ಕಡೆಯ ಏತ ನೆನಪಿಸಿಕೊಳ್ಳಿ. ಬಾವಿ ತಗ್ಗಿನಲ್ಲಿದ್ದರೂ ಬಾನಿಯಿಂದ ಬಾನಿಗೆ ನೀರು ಮೇಲೆತ್ತಿ ಗದ್ದೆಗೆ ಸುರಿಯುತ್ತೆ. ವೈಬ್ರೇಟರ್ ಕೂಡ ಹಾಗೇ ಮೊಗೆದು ಮೊಗೆದು ಎತ್ತುವ ಯಂತ್ರ. ತೊಂದರೆ ಅಂದರೆ ಪಟ್ಟಿಯ ತುದಿ ಕಿಡಿ ಹಾರಿ ಸವೆಯುತ್ತಿತ್ತು. ಆಸಿಡ್ ಬ್ಯಾಟರಿಯನ್ನ ಗಾಡಿಯಲ್ಲೋ ಸೈಕಲ್ಲಲ್ಲೋ ಇಟ್ಟುಕೊಂಡು ಕರೆಂಟಿರುವ ಊರಿಗೆ ಹೋಗಿ ಚಾರ್ಜ್ ಮಾಡಿಸಿಕೊಂಡು ಬರಬೇಕಿತ್ತು. ಕರೆಂಟು ಊರಿಗೆ ಬರದಿದ್ದರೆ ಊರೇ ಕರೆಂಟಿನ ಹತ್ತಿರ ಹೋಗಬೇಕು.

ಆಮೇಲೆ ಬಂತು ಟ್ರಾನ್ಸಿಸ್ಟರು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು, 1954ಕ್ಕೆ ಅಲ್ಲಿನ ಅಂಗಡಿಗಳಲ್ಲಿ ಜೇಬಿನ ರೇಡಿಯೊ ಆಗಿ ಕೂತಿತ್ತು. ಕಾಯಬೇಕಾದ ಎಳೆಯೇ ಇಲ್ಲದ ಮೇಲೆ 'ಎ' ಬ್ಯಾಟರಿ ಯಾಕೆ? 90 ವೋಲ್ಟೂ ಬೇಡ, ಆರೋ ಒಂಬತ್ತೋ ಸಾಕು. ಅದೇ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಸ್ಥಾಪನೆಯಾಯಿತು, 60ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಾಗತೊಡಗಿತು. ಸ್ವಲ್ಪ ಕಾಲದಲ್ಲೇ ಹಳ್ಳಿಗಳಲ್ಲಿ ಆ ಬಿಡಿಭಾಗದ ಹೆಸರೇ ಇಡೀ ಯಂತ್ರದ ಹೆಸರಾಯಿತು: 'ಟ್ರಾನ್ಸಿಸ್ಟರ್ ಹಚ್ಚು' ಅಂದರೆ ರೇಡಿಯೊ ಹಾಕು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು, ಅದು 80ರ ದಶಕದವರೆಗೂ ಇತ್ತು. ಚರ್ಮದ ಚೀಲದ ರೇಡಿಯೊ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದವರ ಚಿತ್ರ ನಿಮ್ಮ ಮನೆಯ ಹಿರಿಯರ ನೆನಪಲ್ಲೂ ಇರಬೇಕು. ಕೃಷಿರಂಗ, ಪ್ರದೇಶ ಸಮಾಚಾರ ಎಲ್ಲ ಗದ್ದೆಯ ಬದುವಿಗೇ ಬಂತು.

ನಮ್ಮ ಕಡೆ ಟಾರ್ಚಿಗೆ 'ಬ್ಯಾಟ್ರಿ' ಅಂತಾರೆ, ಒಳಗೆ ಹಾಕೋದಕ್ಕೆ 'ಸೆಲ್ಲು' ಅಂತಾರೆ. ಪಠ್ಯಪುಸ್ತಕದ ಪ್ರಕಾರ ಎರಡನೆಯದು ಸರಿಯಾಗೇ ಇದೆ, ಒಂಟಿಯಾಗಿದ್ದರೆ ಸೆಲ್ಲು, ಸಾಲಾಗಿದ್ದರೆ ಬ್ಯಾಟರಿ. ಎವೆರೆಡಿ, ನಿಪ್ಪೊ, ಜೀಪ್, ನೊವಿನೊ ಅನ್ನೋ ಹೆಸರುಗಳು ಅಕ್ಷರ ಬಾರದವರಿಗೂ ಗೊತ್ತಿದ್ದವು. ಖಾಲಿ ಸೆಲ್ಲನ್ನೂ ಬಿಡುತ್ತಿರಲಿಲ್ಲ. ಬಿಸಿಲಿಗಿಟ್ಟು ಮತ್ತೆ ಹಾಕಿದರೆ ಇನ್ನೊಂದು ವಾರ್ತೆಗೆ ಆಗುತ್ತಿತ್ತು. ಇದು ಮೂಢನಂಬಿಕೆ ಅಲ್ಲ ಕಣ್ರೀ, ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತೆ, ವಿಶ್ರಾಂತಿ ಕೊಟ್ಟರೆ ವೋಲ್ಟೂ ಸ್ವಲ್ಪ ಮೇಲೇಳುತ್ತೆ. ಅದೂ ಆಗದಿದ್ದರೆ ಒಡೆದು ಒಳಗಿನ ಮಸಿ ತೆಗೆದು, ಸೊಪ್ಪಿನ ರಸದ ಜೊತೆ ಅರೆದು ನಮ್ಮ ಶಾಲೆಯ ಬೋರ್ಡಿಗೆ ಬಳಿಯುತ್ತಿದ್ದೆವು.

ತಾತ ರೇಡಿಯೊ ಕಿವಿಗೆ ಒತ್ತಿಕೊಂಡು ಸಣ್ಣಗೆ ಇಟ್ಟು ಕೇಳುತ್ತಿದ್ದರು. "ಜೋರಾಗಿ ಮಡಗಬೇಡ ಕಣ್ಲಾ, ಸೆಲ್ ಓಯ್ತದೆ" ಅನ್ನೋದು ಅವರ ಕಾನೂನು. ಬಿಇ ಓದುವಾಗ ಪುಶ್-ಪುಲ್ ಆಂಪ್ಲಿಫೈಯರ್ ಪಾಠ ಬಂದಾಗ ಗೊತ್ತಾಯಿತು, ತಾತ ಹೇಳಿದ್ದು ನೂರಕ್ಕೆ ನೂರು ಸರಿ. ಆ ಸರ್ಕೀಟಿನಲ್ಲಿ ಸದ್ದು ಹೆಚ್ಚಿದಷ್ಟೂ ಬ್ಯಾಟರಿಯಿಂದ ಎಳೆಯುವ ಕರೆಂಟು ಹೆಚ್ಚುತ್ತೆ. ಸೆಲ್ಲು ಇಳಿದಾಗ ದನಿ ಗಂಟಲು ಕಟ್ಟಿದ ಹಾಗಾಗೋದಕ್ಕೂ ಕಾರಣ ಅದೇ ಪಾಠದಲ್ಲಿತ್ತು.

ಇಲ್ಲಿ ಒಂದು ಲೆಕ್ಕ ಮಾಡೋಣ. ಸಾಮಾನ್ಯ ಪೆನ್ಸಿಲ್ ಸೆಲ್ಲಿನಲ್ಲಿ ಹೆಚ್ಚೂಕಮ್ಮಿ ಒಂದು ವಾಟ್-ಅವರ್ ಶಕ್ತಿ ಇರುತ್ತೆ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ ಅಂಥ ಸಾವಿರ ಸೆಲ್. ಸೆಲ್ಲಿಗೆ ಹತ್ತು ರೂಪಾಯಿ ಅಂತಿಟ್ಟುಕೊಂಡರೂ ಒಂದು ಯೂನಿಟ್ಟಿಗೆ ಹತ್ತು ಸಾವಿರ ರೂಪಾಯಿ ಆಯಿತು! ಅದೇ ಯೂನಿಟ್ಟು ಗೋಡೆಯ ಪ್ಲಗ್ಗಿನಲ್ಲಿ ಹತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತೆ. ಅಂದರೆ ಕಂಬ ಇಲ್ಲದವನು, ಜೇಬಲ್ಲಿ ಕಮ್ಮಿ ದುಡ್ಡಿರುವವನು, ಅದೇ ವಿದ್ಯುತ್ತಿಗೆ ಸಾವಿರ ಪಟ್ಟು ಹೆಚ್ಚು ಕೊಟ್ಟಿದ್ದಾನೆ. ವಾಲ್ಯೂಮ್ ಸಣ್ಣಗಿಡೋದು ಜಿಪುಣತನ ಅಂತ ನಾವು ನಕ್ಕಿದ್ದೇವೆ. ಲೆಕ್ಕ ಹಾಕಿದರೆ ನಗು ಬರಲ್ಲ.

ಈಗ ರೆಗ್ಯುಲೇಟರ್ ವಿಷಯಕ್ಕೆ ಬರೋಣ. ವೋಲ್ಟನ್ನ ಒಂದೇ ಮಟ್ಟಕ್ಕೆ ನಿಲ್ಲಿಸೋ ಪ್ರಯತ್ನ ವಾಲ್ವ್ ಕಾಲದಲ್ಲೇ ಇತ್ತು, ಅನಿಲ ತುಂಬಿದ ಕೊಳವೆಗಳು ಆ ಕೆಲಸ ಮಾಡುತ್ತಿದ್ದವು. ಆಮೇಲೆ ಕ್ಲಾರೆನ್ಸ್ ಝೀನರ್ ಅನ್ನೋ ವಿಜ್ಞಾನಿಯ ಹೆಸರಿನ ಝೀನರ್ ಡಯೋಡ್ ಬಂತು. ಆದರೆ ಇದೆಲ್ಲ ಬಿಡಿಬಿಡಿಯಾಗಿ ಕೂಡಿಸಿ ಮಾಡಬೇಕಾದ ಸರ್ಕೀಟು. 60ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದ ಬಾಬ್ ವಿಡ್ಲರ್ ರೆಗ್ಯುಲೇಟರನ್ನ ಒಂದೇ ಚಿಪ್ಪಿಗೆ ಇಳಿಸಿದ. 1970ರ ಆಸುಪಾಸಿನಲ್ಲಿ ಅವನದ್ದೇ ಎಲ್‌ಎಂ 109 ಬಂತು. ಬರೀ ಮೂರು ಕಾಲು: ಒಳಗೆ ಬರೋದೊಂದು, ಹೊರಗೆ ಹೋಗೋದೊಂದು, ನೆಲಕ್ಕೊಂದು. ಬರೋದು ಎಷ್ಟೇ ಏರಿಳಿದರೂ ಹೋಗೋದು 5 ವೋಲ್ಟೇ. ಬಿಸಿ ಜಾಸ್ತಿಯಾದರೆ ತಾನೇ ಆಫ್ ಆಗುತ್ತೆ. ಅದರ ಹಿಂದೆಯೇ ಫೇರ್‌ಚೈಲ್ಡ್ ಕಂಪನಿಯ 7800 ಸರಣಿ ಬಂತು. ನಾವೆಲ್ಲ ಕಾಲೇಜು ಲ್ಯಾಬಿನಲ್ಲಿ ಬ್ರೆಡ್‌ಬೋರ್ಡಿಗೆ ಚುಚ್ಚಿದ 7805 ಆ ಸರಣಿಯದ್ದೇ.

7805 ಏನು ಮಾಡುತ್ತೆ ಅನ್ನೋದನ್ನ ಕೆರೆ ಕೆಳಗಿನ ಊರಿನವರಿಗೆ ವಿವರಿಸಬೇಕಾಗಿಲ್ಲ, ಅದು ನೀರುಗಂಟಿ ಕೆಲಸ. ಕೆರೆಯಲ್ಲಿ ನೀರು ಎಷ್ಟಿದ್ದರೂ ಕಾಲುವೆಯಲ್ಲಿ ಒಂದೇ ಮಟ್ಟ ಇರಬೇಕು. ಅವನು ಮಟ್ಟ ನೋಡುತ್ತಾ ತೂಬನ್ನ ಏರಿಸುತ್ತಾನೆ, ಇಳಿಸುತ್ತಾನೆ. ಎರಡು ಷರತ್ತು. ಒಂದು, ಕೆರೆಯ ಮಟ್ಟ ಕಾಲುವೆಗಿಂತ ಮೇಲಿರಲೇಬೇಕು. 7805ಗೆ ಸುಮಾರು 2 ವೋಲ್ಟ್ ಹೆಚ್ಚಿರಬೇಕು, ಒಳಗೆ 7 ವೋಲ್ಟಿಗಿಂತ ಕೆಳಗಿಳಿದರೆ ಅವನ ಕೈಲೂ ಆಗಲ್ಲ. ಎರಡು, ಮೇಲಿನಿಂದ ಕೆಳಗೆ ಬಿದ್ದ ನೀರಿನ ರಭಸ ಸುಮ್ಮನೆ ವ್ಯರ್ಥ. 9 ವೋಲ್ಟಿನ ಬ್ಯಾಟರಿಯಿಂದ 5 ವೋಲ್ಟ್ ತೆಗೆದರೆ ಉಳಿದ 4 ವೋಲ್ಟಿನಷ್ಟು ಶಕ್ತಿ ಬಿಸಿಯಾಗಿ ಹೋಗುತ್ತೆ. ನೂರು ರೂಪಾಯಿಯಲ್ಲಿ ನಲವತ್ತನಾಲ್ಕು ರೂಪಾಯಿ ಬೆರಳು ಸುಡೋಕೆ.

ಹಳ್ಳಿಯಲ್ಲಿ ಬೆಳೆದ ನನ್ನ ಓರಗೆಯವರಿಗೆ ಇದು ಟಿವಿಯಲ್ಲೇ ಕಂಡಿತ್ತು. ಭಾನುವಾರ ಸಂಜೆ ದೂರದರ್ಶನದ ಕನ್ನಡ ಸಿನಿಮಾ, ಅಥವಾ ಕ್ರಿಕೆಟ್ಟು. ಸರಿಯಾಗಿ ಆಗಲೇ ಕರೆಂಟ್ ಹೋಗುತ್ತಿತ್ತು. ಪೋರ್ಟಬಲ್ ಬ್ಲ್ಯಾಕ್ ಆಂಡ್ ವೈಟ್ ಟಿವಿಗಳಿಗೆ ಹಿಂದೆ 12 ವೋಲ್ಟಿನ ಸಾಕೆಟ್ ಇರುತ್ತಿತ್ತು. ಯಾರದ್ದಾದರೂ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕ್ಲಿಪ್ ಹಾಕುತ್ತಿದ್ದರು. ಮೊದಲ ಒಂದೆರಡು ಗಂಟೆ ಚಿತ್ರ ಚೆನ್ನಾಗಿರುತ್ತಿತ್ತು. ಆಮೇಲೆ ನಾಲ್ಕೂ ಕಡೆಯಿಂದ ಕಪ್ಪು ಅಂಚು ಒಳಗೆ ಸರಿಯುತ್ತಾ ನಾಯಕ ನಾಯಕಿ ಇಬ್ಬರೂ ಕುಗ್ಗಿಹೋಗುತ್ತಿದ್ದರು. ಒಳಗಿನ ರೆಗ್ಯುಲೇಟರಿಗೆ ಕೆರೆಯ ಮಟ್ಟ ಸಾಲದಾಗಿತ್ತು, ಅಷ್ಟೇ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರನ್ನ ನಾವೆಲ್ಲ ಸೇರಿ ತಳ್ಳಬೇಕಿತ್ತು.

ಕರೆಂಟಿದ್ದಾಗಲೂ ಸ್ಥಿರ ಅಂತ ಹೇಳೋ ಹಾಗಿರಲಿಲ್ಲ. ಪಂಪ್‌ಸೆಟ್ಟುಗಳೆಲ್ಲ ಶುರುವಾದರೆ ಬಲ್ಬು ಬಾಳೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಟಿವಿ ಕೊಂಡವರು ಜೊತೆಗೆ ಸ್ಟೆಬಿಲೈಜರ್ ಕೊಳ್ಳಲೇಬೇಕಿತ್ತು, ಅದರ ರಿಲೇ ಟಕ್ ಟಕ್ ಅನ್ನೋದು ಆ ಕಾಲದ ಸಂಜೆಯ ಸದ್ದು. ಅದೂ ರೆಗ್ಯುಲೇಟರೇ. ತ್ರೀಫೇಸ್ ಇಲ್ಲದ ಹೊತ್ತಲ್ಲಿ ಕಂಡೆನ್ಸರ್ ಕಟ್ಟಿ ಮೋಟರ್ ಓಡಿಸೋ ವಿದ್ಯೆ ಎಸ್ಸೆಸ್ಸೆಲ್ಸಿ ಫೇಲಾದವರಿಗೂ ಗೊತ್ತಿತ್ತು. ಸಿಟಿಯಲ್ಲಿ ಬೆಳೆದ ನನ್ನ ಸಹೋದ್ಯೋಗಿಗಳಿಗೆ ಸ್ಟೆಬಿಲೈಜರ್ ಅಂದರೆ ಏಸಿ ಪಕ್ಕದ ಬಿಳಿ ಪೆಟ್ಟಿಗೆ. ನಮಗೆ ಅದು ದೇವರ ಗೂಡಿನ ಪಕ್ಕದಲ್ಲಿಟ್ಟುಕೊಳ್ಳೋ ವಸ್ತು.

ಇಷ್ಟೆಲ್ಲ ಹಿನ್ನೆಲೆ ಇಟ್ಟುಕೊಂಡು ಇವತ್ತಿನ ಡಬ್ಬಿ ನೋಡಿ. ಸರಸ್ವತಿಪುರಂನ ನನ್ನ ರೂಮಿನಲ್ಲಿರೋದರ ಒಳಗೆ ಒಂದೇ ಒಂದು ಲಿಥಿಯಂ ಅಯಾನ್ ಸೆಲ್ ಇದೆ, 18650 ಅಂತಾರೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಜಾತಿ, ಇದರ ಹಿಂದಿನ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು. ತುಂಬಿದಾಗ 4.2 ವೋಲ್ಟ್, ಖಾಲಿಯಾಗುವಾಗ 3ರ ಹತ್ತಿರ. ಗಮನಿಸಿ, ಇದು ಯಾವಾಗಲೂ 5ಕ್ಕಿಂತ ಕೆಳಗೆ. ಕೆರೆ ತಗ್ಗಿನಲ್ಲಿದೆ, ನೀರುಗಂಟಿಯಿಂದ ಆಗೋ ಕೆಲಸ ಅಲ್ಲ, ಏತ ಬೇಕು. ಅದಕ್ಕೆ ಬೂಸ್ಟ್ ಕನ್ವರ್ಟರ್ ಹಾಕಬೇಕು. ಎಂಟಿ 3608 ಅನ್ನೋ ಪುಟ್ಟ ಚಿಪ್ಪಿನ ಮಾಡ್ಯೂಲು ಸಾಕು. ಹಳೆಯ ವೈಬ್ರೇಟರ್ ಸೆಕೆಂಡಿಗೆ ನೂರು ಸಲ ಮಾಡುತ್ತಿದ್ದ ಕತ್ತರಿಸುವ ಕೆಲಸವನ್ನ ಇದು ಸೆಕೆಂಡಿಗೆ ಸುಮಾರು ಹನ್ನೆರಡು ಲಕ್ಷ ಸಲ ಮಾಡುತ್ತೆ. ಕಿಡಿ ಇಲ್ಲ, ಗುಂಯ್ ಇಲ್ಲ, ಟ್ರಾನ್ಸ್‌ಫಾರ್ಮರ್ ಜಾಗದಲ್ಲಿ ಕಡಲೆಬೀಜದಷ್ಟು ಸುರುಳಿ. ಹಾಗೆ ಮಾಡಿದ 5 ವೋಲ್ಟಿನಿಂದ ಎಎಂಎಸ್ 1117 ಅನ್ನೋ ನೀರುಗಂಟಿ 3.3 ಇಳಿಸಿಕೊಡುತ್ತಾನೆ. ಮೊದಲು ಏತ, ಆಮೇಲೆ ತೂಬು.

ನೇರವಾಗಿ ಸೆಲ್ಲಿನಿಂದಲೇ 3.3 ಇಳಿಸಬಾರದಾ ಅಂತ ಕೇಳಬಹುದು. ಈ ಚಿಪ್ಪಿಗೂ ಒಂದು ವೋಲ್ಟಿಗಿಂತ ತುಸು ಹೆಚ್ಚು ಅಂತರ ಬೇಕು. ಸೆಲ್ಲು 4.2 ಇದ್ದಾಗಲೇ ಅದು ತಿಣುಕುತ್ತೆ, 3.8ಕ್ಕೆ ಬಂದರೆ ಕೈಬಿಡುತ್ತೆ. ಇನ್ನೊಂದು, ಇಎಸ್‌ಪಿ 32 ವೈಫೈ ಕಳಿಸುವ ಕ್ಷಣದಲ್ಲಿ ಒಮ್ಮೆಗೇ ನೂರಾರು ಮಿಲಿಆಂಪ್ ಎಳೆಯುತ್ತೆ. ಆ ಕ್ಷಣದಲ್ಲಿ ವೋಲ್ಟು ಕುಸಿದರೆ ಚಿಪ್ಪು ರೀಸೆಟ್ ಆಗುತ್ತೆ. ಅದಕ್ಕೇ 3.3ರ ಬಾಯಿಗೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡೋದು, ಮನೆಯ ಮುಂದೆ ತುಂಬಿಟ್ಟ ತೊಟ್ಟಿಯ ಹಾಗೆ.

ಕೆಳಗಿನ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಇದನ್ನ ನೋಡಿ, "ಅಂಕಲ್, ಪವರ್ ಬ್ಯಾಂಕ್ ಇದೆಯಲ್ಲಾ, ಇದ್ಯಾಕೆ?" ಅಂದ. ಒಳ್ಳೇ ಪ್ರಶ್ನೆ. ಪವರ್ ಬ್ಯಾಂಕಿನಲ್ಲಿ 3.3 ಸಿಗಲ್ಲ. ಕರೆಂಟು ತೀರಾ ಕಮ್ಮಿ ಎಳೆದರೆ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಬಹಳಷ್ಟು ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ, ಒಂದು ಸೆನ್ಸರ್ ರಾತ್ರಿಯೆಲ್ಲ ಓಡಬೇಕು ಅಂದರೆ ಆಗಲ್ಲ. 230 ವೋಲ್ಟಿನ ಸಂಬಂಧವೇ ಇಲ್ಲದ್ದರಿಂದ ಶಾಲೆಯ ಹುಡುಗನ ಕೈಗೆ ಧೈರ್ಯವಾಗಿ ಕೊಡಬಹುದು ಅನ್ನೋದು ಬ್ಯಾಟರಿ ಡಬ್ಬಿಯ ಇನ್ನೊಂದು ಲಾಭ.

ನೀವೂ ಕಟ್ಟೋದಾದರೆ ನಾಲ್ಕು ಮಾತು. ಸೆಲ್ಲಿಗೆ ನೇರವಾಗಿ ಸೋಲ್ಡರ್ ಮಾಡಬೇಡಿ, ಹೋಲ್ಡರ್ ಬಳಸಿ. ಚಾರ್ಜಿಂಗಿಗೆ ಟಿಪಿ 4056 ಮಾಡ್ಯೂಲು ತಗೊಳ್ಳಿ, ಆದರೆ ಪ್ರೊಟೆಕ್ಷನ್ ಸರ್ಕೀಟ್ ಇರುವುದನ್ನೇ ತಗೊಳ್ಳಿ. ಸೆಲ್ಲು ಅತಿಯಾಗಿ ಖಾಲಿಯಾಗದಂತೆ, ಶಾರ್ಟ್ ಆದರೆ ಉರಿಯದಂತೆ ತಡೆಯೋದು ಅದು. ಬೂಸ್ಟ್ ಮಾಡ್ಯೂಲಿನ ಔಟ್‌ಪುಟ್ಟನ್ನ ಮಲ್ಟಿಮೀಟರಲ್ಲಿ ನೋಡಿ 5ಕ್ಕೆ ತಿರುಗಿಸಿಕೊಂಡ ಮೇಲಷ್ಟೇ ಬೋರ್ಡಿಗೆ ಕೊಡಿ, ಅದು ಇಪ್ಪತ್ತು ವೋಲ್ಟ್ ದಾಟಿಯೂ ಏರಬಲ್ಲದು. 9,900 ಮಿಲಿಆಂಪ್-ಅವರ್ ಅಂತ ಬರೆದಿರುವ 18650 ಸೆಲ್ ಕೊಳ್ಳಬೇಡಿ. ಆ ಗಾತ್ರದಲ್ಲಿ ಒಳ್ಳೆ ಕಂಪನಿಯ ಸಾಮಾನ್ಯ ಸೆಲ್ಲು ಮೂರೂವರೆ ಸಾವಿರದ ಆಸುಪಾಸಿಗೇ ಮುಗಿಯುತ್ತೆ.

ಡಬ್ಬಿ ಕಟ್ಟಿದ ಮೇಲೆ ಒಂದು ಪ್ರಯೋಗ ಮಾಡಿ. 5 ವೋಲ್ಟಿನ ಕಡೆ 200 ಮಿಲಿಆಂಪಿನ ಲೋಡ್ ಕೊಡಿ, ಅಂದರೆ ಒಂದು ವಾಟ್. ಹೊರಗೊಂದು, ಒಳಗೊಂದು ಮೀಟರ್ ಇಡಿ. 2,500 ಮಿಲಿಆಂಪ್-ಅವರ್ ಸೆಲ್ಲಿನಲ್ಲಿ ಇದು ಏಳೆಂಟು ಗಂಟೆ ಓಡುತ್ತೆ. ಹೊರಗಿನ ಮೀಟರಲ್ಲಿ ಅಷ್ಟು ಹೊತ್ತೂ 5.0, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಒಳಗಿನ ಮೀಟರ್ ಬೇರೆಯೇ ಕಥೆ ಹೇಳುತ್ತೆ. ಸೆಲ್ಲು ತುಂಬಿದ್ದಾಗ ಅದರಿಂದ ಎಳೆಯುತ್ತಿದ್ದದ್ದು ಸುಮಾರು 280 ಮಿಲಿಆಂಪ್. ಸೆಲ್ಲು ಸೊರಗಿ 3.2ಕ್ಕೆ ಬಂದಾಗ ಎಳೆತ 370 ಆಗಿರುತ್ತೆ. ಹೊರಗಿನ ಸಂಖ್ಯೆ ಸ್ಥಿರವಾಗಿರಬೇಕಾದರೆ, ಒಳಗಿರುವುದು ದುರ್ಬಲವಾದಷ್ಟೂ ಅದರಿಂದ ಹೆಚ್ಚು ಹಿಂಡಬೇಕು. ರೆಗ್ಯುಲೇಶನ್ ಅಂದರೆ ಇಷ್ಟೇ. ಸ್ಥಿರತೆ ಪುಕ್ಕಟೆ ಬರಲ್ಲ, ಬೆಲೆಯನ್ನ ಯಾರೋ ಕೊಡುತ್ತಿರುತ್ತಾರೆ. 7805ರಲ್ಲಿ ಅದು ಬಿಸಿಯಾಗಿ ಕಾಣುತ್ತೆ, ಬೂಸ್ಟ್ ಕನ್ವರ್ಟರಿನಲ್ಲಿ ಸೆಲ್ಲಿನ ಸುಸ್ತಾಗಿ ಕಾಣುತ್ತೆ, ತಾತನ ರೇಡಿಯೊದಲ್ಲಿ ಸಣ್ಣಗಾದ ದನಿಯಾಗಿ ಕಾಣುತ್ತಿತ್ತು.

ದೊಡ್ಡ ಲೈನಿನಲ್ಲೂ ಇದೇ ನಿಯಮ. ಸರಸ್ವತಿಪುರಂನಲ್ಲಿ ಕರೆಂಟು ಹತ್ತು ನಿಮಿಷ ಹೋದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಕುದಿಯುತ್ತೆ. ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಇಲ್ಲಿಯ 230 ವೋಲ್ಟ್ ನಿಲ್ಲಬೇಕಾದರೆ ಎಲ್ಲೋ ಒಂದು ಫೀಡರ್ ಆಫ್ ಆಗಬೇಕು, ಅದು ಸಾಮಾನ್ಯವಾಗಿ ಊರುಕಡೆಯ ಫೀಡರು. ನಿರಂತರ ಜ್ಯೋತಿ ಯೋಜನೆ ಬಂದು ಹಳ್ಳಿಮನೆಗಳ ಲೈನು ಪಂಪ್‌ಸೆಟ್ಟಿನ ಲೈನಿನಿಂದ ಬೇರೆಯಾದ ಮೇಲೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ ನಿಜ. ಆದರೂ ನಮ್ಮಪ್ಪನಿಗೆ ಫೋನ್ ಮಾಡಿದರೆ ಮಾತಿನ ಮಧ್ಯೆ "ತ್ರೀಫೇಸ್ ಬಂತು, ಇರು, ಮೋಟ್ರು ಹಾಕ್ ಬತ್ತೀನಿ" ಅಂತ ಈಗಲೂ ಎದ್ದು ಹೋಗುತ್ತಾರೆ. ಕೆಲವು ಸಲ ಅದು ರಾತ್ರಿ ಹನ್ನೊಂದು ಗಂಟೆಗೆ.